ನಾಲ್ಕು ತಾಲೂಕಿನ ಟ್ರಾಕ್ಟರು

ನಮ್ಮೂರಿನಲ್ಲಿ ಯಾರನ್ನು ಕೇಳಿದರೂ ಒಂದೇ ಕಥೆ. ಈ ಸೀಮೆಗೆ ಮೊಟ್ಟಮೊದಲ ಟ್ರಾಕ್ಟರು ತಂದವರು ನಮ್ಮ ದೊಡ್ಡಪ್ಪ. ಮದ್ರಾಸಿನ ಬಂದರಿನಲ್ಲಿ ಹಡಗಿನಿಂದ ಇಳಿಸಿಕೊಂಡು, ಅಲ್ಲಿಂದ ಇಲ್ಲಿಯವರೆಗೆ ಒಬ್ಬರೇ ಓಡಿಸಿಕೊಂಡು ಬಂದರಂತೆ. ಹೆಂಗಸರು ಆರತಿ ಎತ್ತಿದರಂತೆ. ಸದ್ದು ಕೇಳಿ ಎತ್ತುಗಳು ಹಗ್ಗ ಕಿತ್ತುಕೊಂಡು ಓಡಿದವಂತೆ.

ಈ ಕಥೆಯಲ್ಲಿ ನಾನು ನಂಬುವುದು ಎತ್ತುಗಳನ್ನು ಮಾತ್ರ.

ಕಾರಣವಿದೆ. ದೊಡ್ಡಪ್ಪನಿಗೆ ಇವತ್ತಿಗೂ ರಿವರ್ಸ್ ತೆಗೆಯಲು ಬರುವುದಿಲ್ಲ. ಮದ್ರಾಸಿನಿಂದ ಕೆ.ಆರ್. ಪೇಟೆಯವರೆಗೆ ಒಮ್ಮೆಯೂ ಹಿಂದಕ್ಕೆ ಹೋಗದೆ ಬಂದ ಮನುಷ್ಯನನ್ನು ಇತಿಹಾಸ ಕಂಡಿಲ್ಲ. ಇನ್ನೊಂದು ಆಕ್ಷೇಪಣೆ. ನಾಗಮಂಗಲದ ಕಡೆಯ ನಮ್ಮ ಅತ್ತೆಯ ಊರಿಗೆ ಹೋದರೆ ಅಲ್ಲಿಯೂ ಒಂದು ಮೊಟ್ಟಮೊದಲ ಟ್ರಾಕ್ಟರು ಇದೆ. ಶ್ರೀರಂಗಪಟ್ಟಣದ ನನ್ನ ಗೆಳತಿಯ ಅಜ್ಜನದೂ ಮೊಟ್ಟಮೊದಲನೆಯದೇ. ಎಲ್ಲರೂ ಮೊದಲನೆಯದನ್ನೇ ತಂದಿದ್ದರೆ ಎರಡನೆಯದನ್ನು ತಂದ ಆ ಮಹಾನುಭಾವ ಯಾರು? ಹುಡುಕಿ ಶಾಲು ಹೊದಿಸಬೇಕಾದದ್ದು ಅವನಿಗೆ.

ನೀವು ನನ್ನನ್ನು ತಪ್ಪು ತಿಳಿಯಬಾರದು. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ವಿಷಯ ಯಾವುದೇ ಇರಲಿ, ವಿರೋಧವಾಗಿ ಮಾತಾಡಿ ಬಹುಮಾನ ತಂದವಳು ನಾನು. ನಮ್ಮಮ್ಮ ಹೇಳುವಂತೆ, ಕಾಫಿ ಕೊಟ್ಟರೂ ಮೊದಲು ಅದನ್ನು ಖಂಡಿಸಿ ಆಮೇಲೆ ಕುಡಿಯುತ್ತೇನೆ. ಇಂಥವಳ ಕೈಗೆ ಊರಿನ ಯುವಕ ಸಂಘದವರು ಒಂದು ಕೆಲಸ ಕೊಟ್ಟರು. ಹಾಲಿನ ಡೇರಿಯ ಪಕ್ಕ ಒಂದು ಕಟ್ಟೆ ಕಟ್ಟಿ, ದೊಡ್ಡಪ್ಪನ ಟ್ರಾಕ್ಟರನ್ನು ಅದರ ಮೇಲೆ ನಿಲ್ಲಿಸಿ ಕಾಪಾಡುವುದು, ಅದರ ಕೆಳಗೊಂದು ಕಲ್ಲಿನ ಫಲಕ ಇಡುವುದು ಎಂದು ತೀರ್ಮಾನವಾಗಿತ್ತು. ಫಲಕದ ಮೇಲಿನ ಮಾತು ಬರೆಯಬೇಕಾದವಳು ನಾನು. ಕಳ್ಳನ ಕೈಗೆ ಬೀಗದಕೈ ಕೊಡುವುದು ಎಂದರೆ ಇದೇ.

ಟ್ರಾಕ್ಟರಿನ ಬಗ್ಗೆ ಒಂದು ಮಾತು ಹೇಳಬೇಕು. ಅದಕ್ಕೆ ಬ್ಯಾಟರಿ ಇರಲಿಲ್ಲ. ಇಳಿಜಾರಿನಲ್ಲಿ ನಿಲ್ಲಿಸಿ, ಉರುಳಲು ಬಿಟ್ಟು, ಗೇರಿಗೆ ಹಾಕಿದರೆ ಹೊತ್ತಿಕೊಳ್ಳುತ್ತಿತ್ತು. ಸಮತಟ್ಟಿನಲ್ಲಿ ನಿಂತರೆ ಹತ್ತು ಜನ ತಳ್ಳಬೇಕು. ಹಾಗಾಗಿ ದೊಡ್ಡಪ್ಪ ಲೋಕವನ್ನು ನೋಡುತ್ತಿದ್ದುದೇ ಇಳಿಜಾರಿನ ಲೆಕ್ಕದಲ್ಲಿ. ದಿಬ್ಬದ ಮೇಲೆ ಮನೆಯಿದ್ದ ನೆಂಟರು ಒಳ್ಳೆಯವರು, ತಗ್ಗಿನಲ್ಲಿದ್ದವರು ಅಷ್ಟಕ್ಕಷ್ಟೆ. ನಮ್ಮಣ್ಣನಿಗೆ ಬೆಳ್ಳೂರು ಕಡೆಯಿಂದ ಬಂದ ಒಂದು ಸಂಬಂಧ ಜಾತಕ ಕೂಡಿಯೂ ಮುರಿಯಿತು. ಹೆಣ್ಣಿನ ಮನೆಯ ಮುಂದೆ ಅಂಗೈಯಂತೆ ಸಮತಟ್ಟಾದ ಅಂಗಳವಿತ್ತಂತೆ. "ಒಂದು ಬ್ಯಾಟರಿ ಹಾಕಿಸಬಾರದೇ ದೊಡ್ಡಪ್ಪ?" ಎಂದರೆ, "ಬ್ಯಾಟ್ರಿ ಆಕ್ಸಿದ್ರೆ ಅದು ಬ್ಯಾಟ್ರಿ ಬಲ ಕಣ್ ಮಗ, ಟ್ರಾಕ್ಟ್ರು ಬಲ ಎಂಗಾಯ್ತದೆ?" ಎನ್ನುತ್ತಿದ್ದರು.

ಫಲಕದ ಮೊದಲ ಸಾಲಿಗೆ ಸಾಮಗ್ರಿ ಬೇಕಲ್ಲ, ಕೇಳಿದೆ: "ಇದನ್ನು ಮಾಡಿದವರು ಯಾರು ದೊಡ್ಡಪ್ಪ?"

"ಇನ್ಯಾರು, ಕಂಪ್ನಿಯೋರು."

ಒಳಗೆ ಅವರೆಕಾಳು ಹಿದುಕುತ್ತಿದ್ದ ದೊಡ್ಡಮ್ಮ ಅಲ್ಲಿಂದಲೇ, "ನಾಲೆಗೆ ಬಿದ್ದಿದ್ನೂ ಯೋಳಿ ಮಗೀಗೆ" ಎಂದರು.

"ಬಿದ್ದಿದ್ದಲ್ಲ ಕಣೆ. ಇಳ್ದಿತ್ತು."

"ತಲೆಕೆಳ್ಗಾಗಿ ಇಳ್ದಿತ್ತು. ಅಂಗೇ ಬರ್ಕೊಳವ್ವ."

ಆ ಇಳಿದದ್ದನ್ನು ಮೇಲೆತ್ತಿ ಬದುಕಿಸಿದವನು ಪಾಂಡವಪುರದ ಫಿಟರ್ ಬೋರಣ್ಣ ಎಂದು ತಿಳಿಯಿತು. ಮಾರನೆಯ ದಿನ ಬಸ್ಸು ಹತ್ತಿ ಅವನ ಶೆಡ್ಡಿಗೆ ಹೋದೆ. ದೊಡ್ಡಪ್ಪನ ವಯಸ್ಸಿನವನೇ, ಜಂಬದಲ್ಲಿ ಒಂದು ಕೈ ಮೇಲು. ನಾನು "ಟ್ರಾಕ್ಟರು ರಿಪೇರಿ ಮಾಡಿದವರು..." ಎಂದು ಶುರುಮಾಡುವಷ್ಟರಲ್ಲಿ ಕೈ ಅಡ್ಡ ತಂದ.

"ರಿಪೇರಿ ಅನ್ಬ್ಯಾಡ ಕಣವ್ವ. ಕಂಪ್ನಿಯೋರು ಮಾಡಿದ್ದು ನಾಲೇಲಿ ಓಯ್ತು. ಈಗ ನಿಮ್ಮಟ್ಟಿ ಮುಂದೆ ನಿಂತದಲ್ಲ, ಅದು ನಾ ಮಾಡಿದ್ದು. ಬರ್ಕೊ. ಇಂಜಿನ್ನು ಶ್ರೀರಂಗಪಟ್ಣದ್ದು, ಆಲೆಮನೇಲಿ ಕಬ್ಬು ಅರೀತಾ ಬಿದ್ದಿತ್ತು. ಗೇರ್ ಬಾಕ್ಸು ಇದೇ ಪಾಂಡವಪುರದ್ದು. ಗಾಲಿ ಕೆ.ಆರ್. ಪೇಟೆ ಗುಜರೀದು. ಬಾನೆಟ್ಟು ನಾಗಮಂಗಲದ್ದು. ಅದು ಟ್ರಾಕ್ಟ್ರುದೇ ಅಲ್ಲ, ಯಾವ್ದೋ ಲಾರೀದು. ಬಡ್ದು ಬಡ್ದು ಕೂರ್ಸಿದೆ."

ಹೀಗೆ ಒಂದೇ ಸಲಕ್ಕಲ್ಲ, ವರ್ಷ ವರ್ಷವೂ ಒಂದೊಂದು ಸೇರುತ್ತ ಹೋಯಿತಂತೆ. ಬರೆದುಕೊಳ್ಳುತ್ತಿದ್ದ ನನಗೆ ಇದನ್ನು ಎಲ್ಲೋ ಕಂಡಿದ್ದೇನಲ್ಲ ಎನಿಸಿತು. ಆಗ ದಿಲ್ಲಿಯಲ್ಲಿ ಸಮ್ಮಿಶ್ರ ಸರ್ಕಾರಗಳ ಕಾಲ. ಒಂದು ಪಕ್ಷದ ಇಂಜಿನ್ನು, ಇನ್ನೊಂದರ ಗಾಲಿ, ಒಳಗೆ ಯಾರಿಗೂ ಯಾರೂ ಹೊಂದುವುದಿಲ್ಲ, ಹೊರಗಿನಿಂದ ಬೆಂಬಲ ಕೊಟ್ಟು ತಳ್ಳುವವರಿದ್ದರೆ ನಡೆಯುತ್ತದೆ. ವ್ಯತ್ಯಾಸ ಒಂದೇ. ಅವು ವರ್ಷ ತುಂಬುವ ಮೊದಲೇ ಬೀಳುತ್ತಿದ್ದವು. ಬೋರಣ್ಣ ಕಟ್ಟಿದ್ದು ಉಳುತ್ತಿತ್ತು.

"ಹಾಗಾದರೆ ದೊಡ್ಡಪ್ಪನ ಟ್ರಾಕ್ಟರಿನ ಒಳ್ಳೆಯ ಭಾಗಗಳು?"

"ಅವ್ನ ಬಿಸಾಕಕ್ಕಾಯ್ತದಾ? ನಾಲ್ಕು ತಾಲೂಕಿನ ಟ್ರಾಕ್ಟ್ರುಗೆಲ್ಲ ಒಂದೊಂದು ಆಕ್ದೆ."

ನಾನು ಪೆನ್ನು ಕೆಳಗಿಟ್ಟೆ. ಎಲ್ಲ ಊರಿನ ಮೊಟ್ಟಮೊದಲ ಟ್ರಾಕ್ಟರುಗಳೂ ಸ್ವಲ್ಪ ಸ್ವಲ್ಪ ಮೊಟ್ಟಮೊದಲನೆಯವೇ ಆಗಿಬಿಟ್ಟರೆ ನನ್ನಂಥ ವಿರೋಧಪಕ್ಷದವರು ಎಲ್ಲಿಗೆ ಹೋಗಬೇಕು?

ಊರಿಗೆ ಬಂದು, ಫಲಕದಲ್ಲಿ 'ಕಟ್ಟಿದವರು: ಫಿಟರ್ ಬೋರಣ್ಣ' ಎಂದು ಬರೆಯುವುದೇ ನ್ಯಾಯ ಎಂದು ವಾದ ಮಂಡಿಸಿದೆ. ದೊಡ್ಡಪ್ಪ ಮೊದಲು ನಕ್ಕರು, ಆಮೇಲೆ ಉರಿದರು. ನಾನು ನನ್ನ ಕೊನೆಯ ಅಸ್ತ್ರ ತೆಗೆದೆ. ಮೇಲುಕೋಟೆಯಿಂದ ಬರುತ್ತಿದ್ದ ನಮ್ಮ ಸಂಸ್ಕೃತ ಮೇಷ್ಟ್ರು ತರ್ಕಶಾಸ್ತ್ರದ ಒಂದು ಮಾತು ಹೇಳಿಕೊಟ್ಟಿದ್ದರು: ನೂಲು ಬೇರೆ, ಬಟ್ಟೆ ಬೇರೆ, ನೂಲುಗಳನ್ನು ಸೇರಿಸಿ ನೇಯ್ದಾಗ ಹೊಸದೊಂದು ವಸ್ತು ಹುಟ್ಟುತ್ತದೆ. "ಹಾಗೆಯೇ ದೊಡ್ಡಪ್ಪ, ಗಾಲಿ, ಇಂಜಿನ್ನು ಎಲ್ಲ ನೂಲು. ನೇಯ್ದವನು ಬೋರಣ್ಣ."

"ಅರ್ದೋದ ಪಂಚೆಗೆ ತೇಪೆ ಆಕ್ಬುಟ್ರೆ ಪಂಚೆ ದರ್ಜಿದಾಯ್ತದಾ?" ಎಂದರು ದೊಡ್ಡಪ್ಪ. ಇಡೀ ತರ್ಕಶಾಸ್ತ್ರ ಆ ಪಂಚೆಯ ಮುಂದೆ ಮಂಡಿಯೂರಿತು. ಗೆದ್ದ ಮೇಲೂ ಅವರ ಮುಖ ಅರಳಲಿಲ್ಲ. ತಗ್ಗಿದ ದನಿಯಲ್ಲಿ ಕೇಳಿದರು: "ಎಲ್ಲಾ ಅವ್ನೇ ಕಟ್ಟಿದ್ದು ಅಂದ್ಮೇಲೆ, ನಾ ತಂದಿದ್ದು ಎಲ್ಲೋಯ್ತವ್ವ?"

ಚರ್ಚಾಸ್ಪರ್ಧೆಯಲ್ಲಾಗಿದ್ದರೆ ಇಲ್ಲಿ ಗಂಟೆ ಬಾರಿಸುತ್ತಿದ್ದರು, ನಾನು ಕೂತುಕೊಳ್ಳಬಹುದಿತ್ತು.

ಹೇಗೋ, ದೊಡ್ಡಮ್ಮನ ಮಧ್ಯಸ್ಥಿಕೆಯಲ್ಲಿ ಒಂದು ರಾಜಿಯಾಯಿತು: 'ತಂದವರು' ಎಂದು ದೊಡ್ಡಪ್ಪನ ಹೆಸರು, 'ಕಟ್ಟಿದವರು' ಎಂದು ಬೋರಣ್ಣನದು. ಈ ಸಂತೋಷದ ಸುದ್ದಿ ಹೇಳಲು ಬೋರಣ್ಣನನ್ನು ಕರೆಸಿದೆವು. ಅವನು ಕಟ್ಟೆ ಕಟ್ಟುವ ಜಾಗ ನೋಡಿ ಬೆಂಕಿಯಾದ.

"ಇದು ಮಟ್ಟದ ನೆಲ ಅಲ್ವೇನ್ಲಾ? ಇಲ್ಲಿ ನಿಂತ್ರೆ ಇದು ಸ್ಟಾರ್ಟ್ ಆಯ್ತದಾ?"

"ಸ್ಟಾರ್ಟ್ ಆಗದು ಯಾಕ್ಲಾ? ನೋಡಕ್ಕೆ ತಾನೆ ಮಡಗದು" ಎಂದರು ದೊಡ್ಡಪ್ಪ.

"ನಿಂತೋಗಿರೋ ಟ್ರಾಕ್ಟ್ರು ಕೆಳಗೆ ಫಿಟರ್ ಎಸ್ರು ಬರೀತೀರಾ? ಓಗೋ ಬರೋರು ಏನಂದಾರು? ಬೋರ ಕಟ್ಟಿದ್ದು, ನೋಡು, ಎಂಗೆ ನಿಂತ್ಬುಟ್ಟದೆ ಅನ್ನಲ್ವಾ? ನಿನ್ನೆಸ್ರು ಬೇಕಾದ್ರೆ ಬರ್ಸ್ಕೊ. ತಂದೋನ್ಗೆ ನಿಂತ್ರೇನು, ಓಡಿದ್ರೇನು?"

ಮನುಷ್ಯರಿಗಾದರೆ ಉಸಿರು ನಿಂತ ಮೇಲೆಯೇ ಫಲಕ, ಹಾರ, ಭಾಷಣ. ಯಂತ್ರ ಕಟ್ಟಿದವನ ಮರ್ಯಾದೆ ಅದಕ್ಕೆ ತಿರುಗುಮುರುಗು ಎಂಬುದು ನನಗೆ ಹೊಳೆದಿರಲಿಲ್ಲ. ಜೀವನದಲ್ಲಿ ಮೊದಲ ಬಾರಿಗೆ ನಾನು ಒಂದು ವಿಷಯದ ಪರವಾಗಿ ಮಾತಾಡಿದೆ: ಕಟ್ಟೆಯನ್ನು ಇಳಿಜಾರಾಗಿ ಕಟ್ಟಿ, ವರ್ಷಕ್ಕೊಮ್ಮೆ ಆಯುಧಪೂಜೆಯ ದಿನ ಇಳಿಸಿ ಓಡಿಸೋಣ. ಗಾರೆ ಕೆಲಸದವನು ಮಾತ್ರ ಅತ್ತೇಬಿಟ್ಟ. "ಓರೆಯಾಗಿ ಕಟ್ಟವ್ನೆ, ಕುಡ್ದು ಕಟ್ಟವ್ನೆ ಅಂತಾರೆ ಕಣಕ್ಕ" ಎಂದ. ನಿನ್ನ ಹೆಸರನ್ನು ಫಲಕದಲ್ಲಿ ಹಾಕುವುದಿಲ್ಲ ಎಂದು ಮಾತು ಕೊಟ್ಟು ಒಪ್ಪಿಸಿದೆವು.

ಆಯುಧಪೂಜೆ ಬಂತು. ದೊಡ್ಡಪ್ಪನಿಗೆ ರಿವರ್ಸ್ ಬಾರದ್ದರಿಂದ ಹಿಂದಿನ ದಿನವೇ ಊರಿಗೆ ಊರೇ ಸೇರಿ ಟ್ರಾಕ್ಟರನ್ನು ಹಿಮ್ಮುಖವಾಗಿ ಕಟ್ಟೆಗೆ ತಳ್ಳಿತ್ತು. ಫಲಕದಲ್ಲಿ ಬೋರಣ್ಣನ ಹೆಸರಿನ ಎರಡನೆಯ ಸಾಲು ಮಾತ್ರ ಕೆತ್ತಿಸಿದ್ದೆ. ಮೊದಲನೆಯದನ್ನು ನನ್ನ ಹಾಳು ಸ್ವಭಾವ ತಡೆದಿತ್ತು. 'ತಂದವರು' ಎಂದು ಕಲ್ಲಿನಲ್ಲಿ ಕೊರೆಯಬೇಕಾದರೆ, ತಂದದ್ದರಲ್ಲಿ ಏನಾದರೂ ಉಳಿದಿರಬೇಕಲ್ಲ? ದೊಡ್ಡಪ್ಪ ಖಾಲಿ ಜಾಗವನ್ನು ನೋಡಿದರು, ಹೋಗಿ ಸೀಟಿನ ಧೂಳು ಒರೆಸತೊಡಗಿದರು.

ಕುಂಬಳಕಾಯಿ ಒಡೆದರು. ದೊಡ್ಡಪ್ಪ ಸೀಟಿನಲ್ಲಿ, ಬೋರಣ್ಣ ಒಂದು ಮಡ್‌ಗಾರ್ಡಿನ ಮೇಲೆ, ನಾನು ಇನ್ನೊಂದರ ಮೇಲೆ. "ಬುಡ್ಲಾ!" ಎಂದ ಬೋರಣ್ಣ. ಬ್ರೇಕು ಬಿಟ್ಟಿತು, ಗಾಲಿ ಉರುಳಿತು, ಎರಡು ಸಲ ಕೆಮ್ಮಿ, ಸಂಘದ ಅಧ್ಯಕ್ಷರ ಬಿಳಿ ಅಂಗಿಯ ಮೇಲೆ ಕರಿ ಹೊಗೆ ಉಗಿದು ಇಂಜಿನ್ನು ಹೊತ್ತಿಕೊಂಡಿತು. ಡೇರಿಯ ಮುಂದೆಯೇ ನಿಲ್ಲಿಸುವುದೆಂದು ಮಾತಾಗಿತ್ತು. ದೊಡ್ಡಪ್ಪ ನಿಲ್ಲಿಸಲಿಲ್ಲ. ಬೂಕನಕೆರೆ ರಸ್ತೆ ಹಿಡಿದುಬಿಟ್ಟರು.

ಕಬ್ಬಿನ ಗದ್ದೆಗಳ ನಡುವೆ, ಆ ಗದ್ದಲದಲ್ಲಿ, ನಾನು ಬೋರಣ್ಣನ ಕಡೆ ಬಾಗಿ ಕೂಗಿ ಕೇಳಿದೆ. ಬೋರಣ್ಣ ಕಿವಿ ಕೇಳದವನಂತೆ ಕಬ್ಬು ನೋಡತೊಡಗಿದ, ಒಂದು ನಟ್ಟು ಸಡಿಲವಾದರೆ ಎರಡು ಹೊಲದಾಚೆಯಿಂದ ಸದ್ದಿನಲ್ಲೇ ಗುರುತಿಸುವವನು. ಸ್ಟೇರಿಂಗ್ ಹಿಡಿದಿದ್ದ ದೊಡ್ಡಪ್ಪ ಮಾತ್ರ ಕಣ್ಣು ರಸ್ತೆಯ ಮೇಲಿಟ್ಟು, ತಲೆಯನ್ನು ಅವನ ಕಡೆಗೆ ಒಂದಿಷ್ಟು ವಾಲಿಸಿದ್ದರು. ಇನ್ನೊಮ್ಮೆ ಕೇಳಿದೆ:

"ಬೋರಣ್ಣ, ನಿಜ ಹೇಳು. ದೊಡ್ಡಪ್ಪ ತಂದಿದ್ದು ಅಂತ ಇದರಲ್ಲಿ ಏನಾದ್ರೂ ಉಳಿದಿದೆಯಾ?"

"ಅವ್ನ ಕೈಲಿರೋ ಸ್ಟೇರಿಂಗು ಒಂದದೆ ಕಣವ್ವ, ಬರ್ಕೊ" ಎಂದ ಬೋರಣ್ಣ, ಕಬ್ಬಿನಿಂದ ಕಣ್ಣು ತೆಗೆಯದೆ.