ಬೋಡಗುಟ್ಟದ ಭೋಂಗಾ ಹುಲಗೇಶ

ಸನತ್‌ನಗರದ ಕಾರ್ಖಾನೆಗಳ ಸಾಲು ಮುಗಿಯುವಲ್ಲಿ ಬೋಡಗುಟ್ಟ ಎಂಬ ಗುಡ್ಡವಿದೆ. ಅದನ್ನು ಗುಡ್ಡ ಎಂದು ಕರೆದರೆ ಉಳಿದ ಗುಡ್ಡಗಳಿಗೆ ನಾಚಿಕೆಯಾದೀತು. ಕೆಡವಿದ ಮನೆಗಳ ಇಟ್ಟಿಗೆ ತಂದು ಸುರಿಯುವವರು ಸುರಿಯುತ್ತಾರೆ, ಬಾಟಲಿ ಒಡೆಯುವವರು ಒಡೆಯುತ್ತಾರೆ. ಸೀತಾಫಲದ ಗಿಡಗಳು ಮಾತ್ರ ಯಾರ ಹಂಗೂ ಇಲ್ಲದೆ ವರ್ಷಕ್ಕೊಮ್ಮೆ ಕಾಯಿ ಬಿಡುತ್ತವೆ. ತುದಿಯ ಬಂಡೆಯ ಮೇಲೆ ನಾಲ್ಕು ಬೋಲ್ಟುಗಳು ತುಕ್ಕು ಹಿಡಿದು ನಿಂತಿವೆ. ಎಪ್ಪತ್ತೊಂದರ ಯುದ್ಧದಲ್ಲಿ ಅಲ್ಲೊಂದು ಕೈಯಿಂದ ತಿರುಗಿಸುವ ಸೈರನ್ ಇತ್ತು. ಕೊಪ್ಪಳದ ಕಡೆಯವರು ಸೈರನ್‌ಗೆ ಭೋಂಗಾ ಅನ್ನುತ್ತಾರೆ. ಅದನ್ನು ತಿರುಗಿಸುತ್ತಿದ್ದವನು ಆ ಕಡೆಯಿಂದಲೇ ಬಂದ ಹುಲಗೇಶ.

ಹುಲಗೇಶನಿಗೆ ಆಗ ಇಪ್ಪತ್ತೆರಡು. ಗುಡ್ಡದ ಕೆಳಗಿದ್ದ ರಕ್ಷಣಾ ಇಲಾಖೆಯ ಕಾರ್ಖಾನೆಯಲ್ಲಿ ಫಿಟರ್ ಕೆಲಸ. ತೋಳಿನಲ್ಲಿ ಕಸುವಿದ್ದದ್ದಕ್ಕೆ ಭೋಂಗಾ ಅವನ ಪಾಲಿಗೆ ಬಂತು. ಏರಿಳಿಯುವಂತೆ ಕೂಗಿಸಿದರೆ ಅಪಾಯ, ಎಲ್ಲರೂ ಕಂದಕಕ್ಕೆ ಇಳಿಯಬೇಕು. ಒಂದೇ ಸಮನೆ ಕೂಗಿಸಿದರೆ ಗಂಡಾಂತರ ಕಳೆಯಿತು, ಎದ್ದು ಮನೆಗೆ ಹೋಗಬಹುದು. ಕಾರ್ಖಾನೆಯ ಗೇಟಿನಿಂದ ಸೂಪರ್‌ವೈಸರ್ ಹಸಿರು ಬಾವುಟ ಬೀಸಿದಾಗ ಈ ಎರಡನೆಯ ಕೂಗು ಕೊಡಬೇಕು. ಇದಕ್ಕಿಂತ ಸುಲಭದ ಕೆಲಸ ಉಂಟೇ?

ಡಿಸೆಂಬರಿನ ಒಂದು ಮಧ್ಯಾಹ್ನ ನಾಲ್ಕಕ್ಕೆ ಅವನು ಅಪಾಯದ ಕೂಗು ಕೊಟ್ಟ. ಅದು ಬರೀ ತಾಲೀಮು. ಅರ್ಧ ಗಂಟೆಯಲ್ಲಿ ಹಸಿರು ಬಾವುಟ ಆಡಿತು. ಭೋಂಗಾ ಕೂಗಲಿಲ್ಲ. ಸೂಪರ್‌ವೈಸರ್ ಬೀಸಿದ, ಕೈ ಬದಲಿಸಿ ಬೀಸಿದ, ರಟ್ಟೆ ಬಿದ್ದುಹೋಗುವ ತನಕ ಬೀಸಿದ. ಕೂಗು ಕೇಳದೆ ಯಾರೂ ಮೇಲೇಳಕೂಡದೆಂದು ನಿಯಮ ಬರೆದವನೇ ಅವನು, ಮುರಿಯುವುದಾದರೂ ಹೇಗೆ? ಕಂದಕದಲ್ಲಿ ಕೂತ ಮಂದಿ ಪಾಕಿಸ್ತಾನದ ವಿಮಾನ ನಿಜವಾಗಿಯೂ ಬಂದೇ ಬಿಟ್ಟಿತೆಂದು ನಂಬಿ, ಮನೆದೇವರಿಗೆಲ್ಲ ಹರಕೆ ಹೊತ್ತರು. ಎತ್ತು ಈಯಿತೆಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ! ಏಳು ಗಂಟೆಗೆ ಸೂಪರ್‌ವೈಸರ್ ತಾನೇ ಏದುಸಿರು ಬಿಡುತ್ತಾ ಗುಡ್ಡ ಹತ್ತಿದ. ಅವನನ್ನು ಕಂಡದ್ದೇ ಹುಲಗೇಶ ಓಡಿಬಂದು ಭೋಂಗಾ ತಿರುಗಿಸಿದ.

“ಎಲ್ಲಿ ಸತ್ತಿದ್ದಿ?”

“ನಿದ್ದಿ ಹತ್ತಿತ್ರಿ ಸಾಹೇಬ್ರ.”

ಅಷ್ಟೇ ಸಾಕಾಯಿತು. ಮೆಮೊ ಬಂತು, ಭೋಂಗಾ ಬೇರೆಯವನ ಕೈಗೆ ಹೋಯಿತು, ಅದರ ಹೆಸರು ಮಾತ್ರ ಇವನಿಗೇ ಅಂಟಿಕೊಂಡಿತು. ಯುದ್ಧ ಹದಿನಾಲ್ಕು ದಿನದಲ್ಲಿ ಮುಗಿಯಿತು, ಹುಲಗೇಶನ ಗೇಲಿ ಐವತ್ತು ವರ್ಷವಾದರೂ ಮುಗಿಯಲಿಲ್ಲ. ಬಸ್ ಸ್ಟಾಪಿನಲ್ಲಿ ಕಣ್ಣು ಮುಚ್ಚಿದರೂ ಸಾಕು, “ಭೋಂಗಾ ತಾತಾ, ಹಸಿರು ಬಾವುಟ!” ಎಂದು ಹುಡುಗರು ಕೂಗುತ್ತಿದ್ದರು. ಮಡಕೆಯ ಬಾಯಿ ಮುಚ್ಚಬಹುದು, ಊರಿನ ಬಾಯಿ ಮುಚ್ಚಲಾದೀತೇ? ಅವನೂ ನಗುತ್ತಿದ್ದ.

ಅವನು ಮಲಗಿರಲಿಲ್ಲ. ನಡೆದದ್ದು ಇದು.

ಗುಡ್ಡದ ಮಗ್ಗುಲಲ್ಲಿ ಕಲ್ಲು ಒಡೆಯುವವರ ಏಳೆಂಟು ಗುಡಿಸಲುಗಳಿದ್ದವು. ಭೋಂಗಾ ಕೂಗಿದಾಗ ಎಲ್ಲರೂ ಕೆಳಗೆ ಓಡಿದರು, ನೀಲವ್ವ ಓಡಲಿಲ್ಲ. ಗುರುಮಠಕಲ್ ಕಡೆಯ ಹೆಣ್ಣು, ಇಪ್ಪತ್ತು ವರ್ಷ. ಗಂಡ ಸತ್ತು ಎರಡು ವರ್ಷವಾಗಿತ್ತು. ತುಂಬಿದ ಬಸುರನ್ನು ಚಳಿಯ ನೆಪದಲ್ಲಿ ಕಂಬಳಿ ಹೊದ್ದು, ಜತೆಗಿದ್ದ ಅಣ್ಣನಿಂದ ಮುಚ್ಚಿಟ್ಟಿದ್ದಳು. ನರಳುವ ಸದ್ದು ಕೇಳಿ ಹುಲಗೇಶ ಇಳಿದು ಬಂದ. ಹೆರಿಗೆಯೆಂದರೆ ಏನೆಂದು ಅವನೇನು ಬಲ್ಲ? ನೀರು ಕಾಸಿದ, ಕೈ ಹಿಡಿದು ಕೂತ, ಗೊತ್ತಿದ್ದ ದೇವರನ್ನೆಲ್ಲ ಕರೆದ. ಹಸಿರು ಬಾವುಟ ಆಡುತ್ತಿದ್ದದ್ದು ಬಾಗಿಲಿಂದ ಕಾಣುತ್ತಿತ್ತು. ಕೂಗು ಕೊಟ್ಟರೆ ಮಂದಿ ಎದ್ದು ಗುಡಿಸಲಿಗೆ ಬರುತ್ತಾರೆ, ನೀಲವ್ವನ ಬಾಳು ಅಲ್ಲಿಗೆ ಮುಗಿಯುತ್ತದೆ. ಅವನು ಕೊಡಲಿಲ್ಲ.

ಕೂಸು ಅಳಲಿಲ್ಲ. ಉಸಿರೇ ಇರಲಿಲ್ಲ. ನೀಲವ್ವನಿಗೆ ಆಗಲೇ ಎಚ್ಚರ ತಪ್ಪಿತ್ತು. ಅವನು ಕೂಸನ್ನು ತನ್ನ ಟವೆಲ್ಲಿನಲ್ಲಿ ಸುತ್ತಿ, ಎರಡು ಬಂಡೆಗಳ ನಡುವೆ ಹಾರೆಯಿಂದ ಅಗೆದು ಮಣ್ಣು ಮಾಡಿದ. ಅವಳು ಕಣ್ಣು ಬಿಟ್ಟಾಗ, “ಮುಗೀತು ತಂಗಿ,” ಎಂದು ಆ ಬಂಡೆಗಳ ಕಡೆ ಬೆರಳು ತೋರಿಸಿದ. ಅವಳು ಕೈ ಮುಗಿದಳು, ಏನೂ ಕೇಳಲಿಲ್ಲ. ಮರುದಿನ ಜ್ವರ ಎಂದು ಮಲಗಿದಳು. ಯಾರಿಗೂ ಸಂಶಯ ಬರಲಿಲ್ಲ. ಆಮೇಲೆ ಎದುರಾದಾಗೆಲ್ಲ “ಊಟ ಆತೇನಣ್ಣಾ?” “ಆತವ್ವಾ,” ಇಷ್ಟೇ ಮಾತು. ಆ ಬಂಡೆಗಳ ಕಡೆ ಅವಳು ಒಮ್ಮೆಯೂ ಹೋಗಲಿಲ್ಲ. ನಾಯಿ ಕೆದರದಂತೆ, ಮಕ್ಕಳು ತುಳಿಯದಂತೆ ಹುಲಗೇಶನೇ ವರ್ಷವರ್ಷ ಅಲ್ಲಿ ಜಾಲಿಮುಳ್ಳು ಹಾಕಿ ಬರುತ್ತಿದ್ದ.

ಇದಕ್ಕೆ ಅವನು ತೆತ್ತದ್ದು ಕಡಿಮೆಯಲ್ಲ. ಗಂಗಾವತಿಯಿಂದ ಮದುವೆಯಾಗಿ ಬಂದ ಸುಹಾಸಿನಿ, ತವರಿನ ಮದುವೆಯೊಂದರಲ್ಲಿ “ಕುಂಭಕರ್ಣನ ಹೆಂಡ್ತಿ ಬಂದ್ಲು” ಎಂದು ಯಾರೋ ಅಂದದ್ದಕ್ಕೆ ಮನೆಗೆ ಬಂದು ಅತ್ತಳು. “ಒಂದು ತಾಸು ಎಚ್ಚರ ಇದ್ದಿದ್ರ ಏನಾಗ್ತಿತ್ರಿ ನಿಮಗ?” ಎಂದಳು. ನಿಜ ಅವನ ನಾಲಿಗೆಯ ತುದಿಗೆ ಬಂತು. ಅದು ತನ್ನ ಗುಟ್ಟಲ್ಲ ಎಂದು ನುಂಗಿಕೊಂಡ. ಸುಹಾಸಿನಿ ತೀರಿಕೊಂಡು ಆರು ವರ್ಷವಾಯಿತು. ಅವಳೊಬ್ಬಳಿಗಾದರೂ ಹೇಳಬೇಕಿತ್ತೆಂದು ಅವನ ಕರುಳು ಈಗಲೂ ಚುರುಕ್ಕೆನ್ನುತ್ತದೆ.

ಹೋದ ವರ್ಷ ಬೋಡಗುಟ್ಟಕ್ಕೆ ಶುಕ್ರದೆಸೆ ಬಂತು. ಕಾಲೊನಿಯವರು ಸೇರಿ ಪಾರ್ಕು ಮಾಡಲು ಹೊರಟರು. ಅವರ ಸಂಘದ ಕಾರ್ಯದರ್ಶಿ ತರುಣ ಎಂಬ ಹುಡುಗ, ನೀಲವ್ವನ ಅಣ್ಣನ ಮೊಮ್ಮಗ. ಅವಳು ಇರುವುದೂ ಅವನ ಮನೆಯಲ್ಲೇ. ಪಕ್ಕದ ಅಪಾರ್ಟ್‌ಮೆಂಟಿನ ನಿರೀಕ್ಷಾ ಎಂಬ ಮೈಸೂರಿನ ಐಟಿ ಹುಡುಗಿ, ಗುಡ್ಡದ ಯುದ್ಧಕಾಲದ ನೆನಪುಗಳನ್ನು ಬೋರ್ಡಿನಲ್ಲಿ ಬರೆಸಲು ಮನೆಮನೆ ತಿರುಗಿದಳು. ನಕ್ಷೆಯೂ ಆಯಿತು. ವ್ಯಾಯಾಮದ ಯಂತ್ರಗಳನ್ನು ನಿಲ್ಲಿಸಲು ಗೊತ್ತು ಮಾಡಿದ ಜಾಗ ಆ ಎರಡು ಬಂಡೆಗಳ ನಡುವೆ!

ಸುದ್ದಿ ಕೇಳಿ ಹುಲಗೇಶನಿಗೆ ಅನ್ನ ಸೇರಲಿಲ್ಲ. ನೀಲವ್ವನನ್ನು ಕೇಳೋಣವೆಂದು ಅವರ ಮನೆ ಬಾಗಿಲ ತನಕ ಎರಡು ಸಲ ಹೋದ. ಎಪ್ಪತ್ತು ದಾಟಿದ ಹೆಣ್ಣಿಗೆ ಯಾವ ಬಾಯಲ್ಲಿ ಅದನ್ನು ನೆನಪಿಸುವುದು? ಎರಡು ಸಲವೂ ಹಾಗೇ ತಿರುಗಿ ಬಂದ.

ಭಾನುವಾರ ಬೆಳಿಗ್ಗೆ ಎಲ್ಲರೂ ಗುಡ್ಡದ ಮೇಲೆ ಸೇರಿದರು. ಜೆಸಿಬಿ ಬಂದು ನಿಂತಿತ್ತು. ನಿರೀಕ್ಷಾ ಬೋರ್ಡಿನ ಬರಹ ಓದಿದಳು. “ಸೈರನ್ ತಿರುಗಿಸುವವರು ನಿದ್ದೆ ಹೋದದ್ದರಿಂದ ಜನ ಮೂರು ಗಂಟೆ ಕಂದಕದಲ್ಲೇ ಕಾದರು” ಎಂಬಲ್ಲಿ ಎಲ್ಲರೂ ಗೊಳ್ಳೆಂದರು. “ಬೇಜಾರಿಲ್ಲ ತಾನೇ ತಾತ?” ಎಂದಳು.

“ಬರಿಯವ್ವಾ, ಏನ್ ಬೇಕಾದ್ರೂ ಬರಿ. ಆದ್ರ ಆ ಯಂತ್ರ ಇಲ್ಲಿ ಬ್ಯಾಡ. ಆ ಕಡೆ ಹಾಕ್ರಿ.”

“ಯಾಕ್ ತಾತಾ?” ತರುಣ ಕೇಳಿದ.

“ಇಲ್ಲಿ ಹಾವು ಅದಾವು.”

“ಮಲಗಿದ್ದಾಗ ಕನಸಿನ್ಯಾಗ ಬಂದಿದ್ವೇನು?” ಎಂದು ಯಾರೋ ಅಂದರು. ಮತ್ತೆ ನಗು. ತರುಣ ಜೆಸಿಬಿಯವನಿಗೆ ಕೈ ಮಾಡಿದ. ಹುಲಗೇಶ ಹೋಗಿ ಮುಳ್ಳಿನ ಮುಂದೆ ನಿಂತುಬಿಟ್ಟ.

“ಕಾರಣ ಕೇಳಬ್ಯಾಡ್ರಿ. ಕೈ ಮುಗೀತೀನಿ.”

“ತಾತಾ, ದೊಡ್ಡೋರು ನೀವು, ಹಠ ಮಾಡಬ್ಯಾಡ್ರಿ,” ಎಂದು ತರುಣ ಅವನ ತೋಳು ಹಿಡಿದ.

“ಕೈ ಬಿಡು ಅವನ್ನ.”

ಹೆಂಗಸರ ನಡುವೆ ಕೂತಿದ್ದ ನೀಲವ್ವ ಎದ್ದು ನಿಂತಿದ್ದಳು. ಕೋಲೂರುತ್ತಾ ಎಲ್ಲರ ಮುಂದೆ ಬಂದಳು.

“ಅವತ್ತು ಈ ಅಣ್ಣ ಮಲಗಿದ್ದಿಲ್ಲ. ನನ್ನ ಹೆರಿಗಿ ಮಾಡಾಕತ್ತಿದ್ದ. ಆಗ ನಾನು ಗಂಡ ಸತ್ತಾಕಿ. ಕೂಸು ಸತ್ತ ಹುಟ್ಟಿತು. ಇಲ್ಲೇ ಮಣ್ಣು ಮಾಡ್ಯಾನ. ನನ್ನ ಮಾನ ಉಳಿಸಾಕ ನಿಮ್ಮೆಲ್ಲರ ಕಡೆ ನಗಸ್ಕೊಂಡಾನ. ಇನ್ನ ನಗಬ್ಯಾಡ್ರಿ.”

ತರುಣನ ಮುಖ ಕೆಂಪಾಯಿತು, ಬಿಳಿಚಿತು. ಅವನು ಜೆಸಿಬಿಯವನ ಹತ್ತಿರ ಹೋಗಿ ಗಾಡಿ ಹಿಂದಕ್ಕೆ ಒಯ್ಯಲು ಹೇಳಿದ. ನಿರೀಕ್ಷಾ ಕೈಯಲ್ಲಿದ್ದ ಕಾಗದವನ್ನು ಹರಿದಳು. ಹುಲಗೇಶ ತಲೆ ತಗ್ಗಿಸಿ ನಿಂತಿದ್ದ, ತಪ್ಪು ತಾನೇ ಮಾಡಿದವನಂತೆ.

ನೀಲವ್ವ ಮುಳ್ಳಿನ ಪಕ್ಕ ನೆಲದ ಮೇಲೆ ಕೂತಳು. ಅಲ್ಲಿಂದಲೇ ಹುಲಗೇಶನ ಕಡೆ ತಲೆಯೆತ್ತಿದಳು.

“ಅಣ್ಣಾ, ನಾನು ನೋಡಲೇ ಇಲ್ಲ. ಕೇಳಾಕ ಧೈರ್ಯ ಆಗಲಿಲ್ಲ. ಗಂಡೋ, ಹೆಣ್ಣೋ?”

“ಹೆಣ್ಣಿತ್ತು ತಂಗಿ. ತಲಿ ತುಂಬ ಕೂದಲಿತ್ತು.”

“ಮಗಳು,” ಎಂದಳು ನೀಲವ್ವ. ಆ ಮಾತನ್ನು ಅವಳು ತನ್ನದಾಗಿ ಆಡಿದ್ದು ಅದೇ ಮೊದಲು.