ಗೌಹರಕ್ಕ ಮಲಗಿಸಿದ ಕಂಪ್ಯೂಟರ್

ನಮ್ಮ ಚಾಳಿನಲ್ಲಿ ಯಾರ ಮನೆಗೆ ಏನು ಬಂದರೂ ಮೊದಲು ನನ್ನ ಕಣ್ಣಿಗೆ ಬೀಳಬೇಕು. ಇಲ್ಲದಿದ್ದರೆ ನನಗೆ ಉಂಡದ್ದು ಅರಗುವುದಿಲ್ಲ. ಸಯನ್‌ನ ಆಸ್ಪತ್ರೆಯೊಂದರಲ್ಲಿ ಆಯಾ ಕೆಲಸ ನನ್ನದು. ದಿನವಿಡೀ ಕಂಡವರ ಹಾಸಿಗೆ ಬದಲಿಸುತ್ತ, ಅವರ ಮನೆಯ ಸುದ್ದಿ ಕೇಳುತ್ತ ಈ ಚಟ ಅಂಟಿತೋ, ಹುಟ್ಟಿನಿಂದಲೇ ಬಂತೋ ತಿಳಿಯದು. ದಾನೇಶ್ವರಿಯ ಬಾಯಿಗೆ ಬೀಗವಿಲ್ಲ ಎಂದು ಕುರ್ಲಾದ ಈ ಚಾಳಿನಲ್ಲಿ ಆಡಿಕೊಳ್ಳುವವರಿದ್ದಾರೆ. ಆಡಿಕೊಳ್ಳಲಿ. ಗೌಹರಕ್ಕನ ಕಂಪ್ಯೂಟರಿನ ಸುದ್ದಿ ಬೇಕೆಂದರೆ ಅವರೂ ನನ್ನ ಬಾಗಿಲಿಗೇ ಬರುತ್ತಾರೆ.

ಗೌಹರಕ್ಕ ನನ್ನ ಪಕ್ಕದ ಮನೆಯವಳು, ನಮ್ಮ ಜೇವರ್ಗಿ ಕಡೆಯವಳೇ. ಅವಳ ಕೆಲಸ ಖಾಕಾ ಚುಚ್ಚುವುದು. ಮದುವೆಯ ಲೆಹೆಂಗಾಗಳ ಮೇಲೆ ಜರಿಯ ಬಳ್ಳಿ, ಹೂವು ಹೊಲಿಯುತ್ತಾರಲ್ಲ, ಅದಕ್ಕೆ ಮೊದಲು ನಕ್ಷೆಯನ್ನು ತೆಳ್ಳನೆಯ ಬಟರ್ ಪೇಪರಿನ ಮೇಲೆ ಬರೆದು, ಗೆರೆಯುದ್ದಕ್ಕೂ ಸೂಜಿಯಿಂದ ಒತ್ತೊತ್ತಾಗಿ ತೂತು ಹಾಕಬೇಕು. ತೂತು ಬಿದ್ದ ಆ ಕಾಗದವೇ ಖಾಕಾ. ಅದನ್ನು ಬಟ್ಟೆಯ ಮೇಲಿಟ್ಟು, ಸೀಮೆಎಣ್ಣೆಯಲ್ಲಿ ಕಲಸಿದ ಬಿಳಿ ಪುಡಿ ಒರೆಸಿದರೆ ಕೆಳಗೆ ಚುಕ್ಕಿ ಚುಕ್ಕಿಯಾಗಿ ನಕ್ಷೆ ಮೂಡುತ್ತದೆ. ಜರಿಯವರು ಆ ಚುಕ್ಕಿಗಳ ಮೇಲೆ ಹೊಲಿಯುತ್ತಾರೆ.

ಆ ಮನೆಯಲ್ಲಿ ಬರೆಯುವವನು ಗಂಡ ಮಕ್ತುಮಸಾಬ, ಚುಚ್ಚುವವಳು ಗೌಹರಕ್ಕ. ಮದುವೆಯಾಗಿ ಬಂದಂದಿನಿಂದ ಅವಳು ಪೆನ್ಸಿಲ್ ಹಿಡಿದವಳಲ್ಲ. ಅವನು ಹಿಡಿಯಗೊಟ್ಟವನೂ ಅಲ್ಲ. "ಗೆರಿ ನಂದು, ತೂತು ನಿಂದು" ಎಂದು ನಗುತ್ತಿದ್ದ. ಮನುಷ್ಯ ಒಳ್ಳೆಯವನೇ, ಆದರೆ ಈ ಒಂದು ವಿಷಯದಲ್ಲಿ ಮಹಾ ಮೊಂಡ. ಹೋದ ವರ್ಷ ಎದೆನೋವೆಂದು ಮಲಗಿದವನು ಏಳಲಿಲ್ಲ. ಅಲ್ಲಿಂದೀಚೆಗೆ ಗೌಹರಕ್ಕ ಅವನ ಹಳೆಯ ಖಾಕಾಗಳ ಕೆಳಗೆ ಹೊಸ ಕಾಗದ ಇಟ್ಟು, ಅವೇ ತೂತುಗಳನ್ನು ಮತ್ತೆ ಚುಚ್ಚಿ ಕೊಟ್ಟು ಮನೆ ನಡೆಸುತ್ತಿದ್ದಳು.

ಎಷ್ಟು ದಿನ ನಡೆದೀತು? ಜರಿ ಕಾರ್ಖಾನೆಯ ಮಾಲೀಕ ರಮಜಾನ ಒಂದು ದಿನ ಬಾಗಿಲಲ್ಲಿ ನಿಂತು ಹೇಳಿಯೇಬಿಟ್ಟ. "ಭಾಭಿ, ಹಳೀ ಬಳ್ಳಿ ಯಾರಿಗೂ ಬ್ಯಾಡಾಗ್ಯಾವ. ಲೆಹೆಂಗಾ ಮಾಡಿಸೋ ಬಾಂದ್ರಾದ ಮೇಡಂ ಈಗ ಕಂಪ್ಯೂಟರದಾಗ ಡಿಸೈನ್ ಕಳಸ್ತಾರ. ಒಂದು ಲೆಹೆಂಗಾದ ಕೆಲಸ ಕೊಡ್ತೀನಿ. ಅಂಚಿಂದೊಂದು, ಕುಪ್ಪಸದ್ದೊಂದು, ಎರಡು ಖಾಕಾ ಮಾಡಿಕೊಡ್ರಿ. ಬರೋಬ್ಬರಿ ಬಂದ್ರ ಕೆಲಸ ನಿಮ್ಮದ. ಇಲ್ಲಂದ್ರ ನಾ ಬ್ಯಾರೇ ಮಂದಿ ನೋಡಬೇಕಾಗ್ತದ." ಜೊತೆಗೆ ಒಂದು ಷರತ್ತು: ಹೊರಗಿನ ಅಂಗಡಿಯಲ್ಲಿ ಪ್ರಿಂಟ್ ಹಾಕಿಸುವಂತಿಲ್ಲ. ಕುರ್ಲಾದಲ್ಲಿ ಬೆಳಿಗ್ಗೆ ಪ್ರಿಂಟ್ ಹಾಕಿಸಿದ ನಕ್ಷೆ ಸಂಜೆಯೊಳಗೆ ನಾಲ್ಕು ಕಾರ್ಖಾನೆ ಸುತ್ತಿ ಬಂದಿರುತ್ತದೆ.

ಈ ಕೆಲಸ ಹೋದರೆ ಗೌಹರಕ್ಕ ಯಾರದೋ ಮನೆಯ ಪಾತ್ರೆ ತಿಕ್ಕಲು ಹೋಗಬೇಕಿತ್ತು. ಅದು ಅವಳಿಗೂ ಗೊತ್ತು, ನನಗೂ ಗೊತ್ತು. ಅಂಥ ಹೊತ್ತಿನಲ್ಲಿ ಅವಳು "ದಾನವ್ವಾ, ನಾ ಕಂಪ್ಯೂಟರ್ ತರಬೇಕಂತ ಮಾಡೀನಿ" ಎಂದಾಗ ನಾನು ಬೆಪ್ಪಾದೆ.

"ಯವ್ವಾ, ನಿನಗ ಅದನ್ನ ಹಚ್ಚಾಕರ ಬರ್ತದೇನು?"

"ಹಚ್ಚಾಕ ಮಗಳು ಅದಾಳ. ನನಗ ಅದರ ಬೆಳಕು ಬೇಕಾಗೇದ" ಎಂದಳು. ಮುಂದೆ ಎಷ್ಟು ಕೆದಕಿದರೂ ಬಾಯಿ ಬಿಡಲಿಲ್ಲ. ಬೆಳಕೇ ಬೇಕಾದರೆ ಬಲ್ಬು ಸಾಲದೇ? ಅಂದು ಆಸ್ಪತ್ರೆಯಲ್ಲಿ ನಾನು ಒಬ್ಬರ ಚಾದರ ಇನ್ನೊಬ್ಬರಿಗೆ ಹಾಸಿ ಬೈಸಿಕೊಂಡೆ.

ರಜೆಯ ದಿನ ಮೂವರೂ ಹೊರಟೆವು: ಅವಳು, ಕಾಲೇಜು ಓದುವ ಅವಳ ಮಗಳು ಬುಷರಾ, ಕರೆಯದಿದ್ದರೂ ನಾನು. ದಾದರಿನಲ್ಲಿ ಗಾಡಿ ಬದಲಿಸಿ ಗ್ರಾಂಟ್ ರೋಡಿಗೆ ಇಳಿದೆವು. ಗಲ್ಲಿಯೊಳಗಿನ ಅಂಗಡಿ ಕಾಶಿನಾಥನದು, ಹುಮನಾಬಾದ ಕಡೆಯವನು. ಆಫೀಸುಗಳು ಬೇಡವೆಂದು ಹೊರಹಾಕಿದ ಕಂಪ್ಯೂಟರುಗಳನ್ನು ತಂದು, ಬಿಚ್ಚಿ, ತೊಳೆದು, ಕೆಟ್ಟದ್ದನ್ನು ಬದಲಿಸಿ ಮಾರುತ್ತಾನೆ. ನಮ್ಮ ಮಾತು ಕಿವಿಗೆ ಬಿದ್ದದ್ದೇ ಕುರ್ಚಿ ಹಾಕಿ ಚಹಾ ಹೇಳಿದ.

ನನಗೆ ಒಂದು ಪ್ರಶ್ನೆ ಕೊರೆಯುತ್ತಿತ್ತು. "ಇದು ಮೊದಲ ಯಾರ ಕೈಯಾಗಿತ್ರಿ?"

"ಯಾವುದೋ ಆಫೀಸಿಂದವ್ವ."

"ಚಲೋ ಇದ್ರ ಯಾಕ ಬಿಟ್ರು?"

"ಹೊಸಾವು ಬಂದ್ವು, ಬಿಟ್ರು. ಇದಕ್ಕೇನಾಗಿಲ್ಲ." ಅವನು ಕಂಪ್ಯೂಟರಿನ ಡಬ್ಬಿಯ ಒಂದು ಮಗ್ಗುಲು ತೆಗೆದು ತೋರಿಸಿದ. ಒಳಗೆ ಒಂದು ಪುಟ್ಟ ಫ್ಯಾನು, ಹಸಿರು ಹಲಗೆ, ಬಣ್ಣಬಣ್ಣದ ವೈರು. ಹಳೆಯ ಡಿಸ್ಕ್ ತೆಗೆದು ಹೊಸದು ಹಾಕಿದ್ದೇನೆಂದು ಬೆರಳಿಟ್ಟು ತೋರಿಸಿದ.

"ಅವರ ಫೋಟೋ, ಕಾಗದ ಪತ್ರ ಏನರ ಉಳಿದಿರ್ತಾವೇನ್ರಿ ಒಳಗ?"

"ಒಂದೂ ಇಲ್ಲ. ಎಲ್ಲಾ ಒರಸೀವಿ."

ನನಗೆ ಸ್ವಲ್ಪ ಬೇಜಾರೇ ಆಯಿತು.

ಗೌಹರಕ್ಕ ಡಬ್ಬಿಯ ಕಡೆ ತಿರುಗಿಯೂ ನೋಡಲಿಲ್ಲ. ಅವಳು ಸಾಲಾಗಿಟ್ಟ ಪರದೆಗಳ ಮುಂದೆ ನಿಂತು ಒಂದೊಂದನ್ನೂ ಗೇಣಿನಿಂದ ಅಳೆಯುತ್ತಿದ್ದಳು. ಅಳೆದು, ಬ್ಯಾಗಿನಿಂದ ಬಟರ್ ಪೇಪರ್ ತೆಗೆದು, ಉರಿಯುತ್ತಿದ್ದ ಪರದೆಗೆ ಅಂಟಿಸಿ ಹಿಡಿದು, ಮೂಗು ತಾಗುವಷ್ಟು ಬಗ್ಗಿ ನೋಡಿದಳು. ಬೆರಳಿನಿಂದ ಒತ್ತಿದಳು. ಅಂಗಡಿಗೆ ಬಂದವರೆಲ್ಲ ತಮ್ಮ ಕೆಲಸ ಬಿಟ್ಟು ಅವಳನ್ನೇ ನೋಡತೊಡಗಿದರು. ಬುಷರಾ ನಾಚಿಕೆಯಿಂದ ದುಪಟ್ಟಾ ಹಲ್ಲಿಗೆ ಕಚ್ಚಿಕೊಂಡಿದ್ದಳು.

"ಯಕ್ಕಾ, ಅದೇನ್ ಹಂಚಿನ ಮ್ಯಾಲಿನ ರೊಟ್ಟಿಯೇನು, ಒತ್ತಿ ನೋಡಾಕ?" ಎಂದ ಕಾಶಿನಾಥ.

"ಇದ ಇರ್ಲಿ" ಎಂದು ಗೌಹರಕ್ಕ ಎಲ್ಲಕ್ಕಿಂತ ಅಗಲವಾದ ಪರದೆಯನ್ನು ತೋರಿಸಿದಳು. ಆಗ ನನಗೆ ತಲೆಗೆ ಹೊಳೆಯಿತು. ಇವಳು ನಕ್ಷೆಯನ್ನು ಪರದೆಯ ಮೇಲೆ ಮೂಡಿಸಿ, ಮೇಲೆ ಕಾಗದ ಇಟ್ಟು, ಕೆಳಗಿನ ಬೆಳಕಿನಲ್ಲಿ ಗೆರೆ ತೆಗೆಯುವವಳು! ಎಲಾ ಇವಳ! ಗಂಡನ ಕೈ ಇಲ್ಲವಾಯಿತೆಂದು ಗೆರೆ ಎಳೆಯಲು ಒಂದು ಯಂತ್ರ ಕೊಳ್ಳಲು ಬಂದಿದ್ದಾಳೆ.

ಪರದೆಯನ್ನು ಕೌದಿಯಲ್ಲಿ ಸುತ್ತಿ, ಟ್ಯಾಕ್ಸಿಯಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದೆವು. ಮನೆಯಲ್ಲಿ ಬುಷರಾ ಜೋಡಿಸಲು ಕುಳಿತಳು. ನೀಲಿ ತುದಿಯ ವೈರು ನೀಲಿ ಬಾಯಿಗೆ, ಕೀಬೋರ್ಡು, ಮೌಸು ಹಿಂದುಗಡೆಗೆ, ಕರೆಂಟಿನದು ಗೋಡೆಗೆ. ಡಬ್ಬಿ ಗುಂಯ್ ಎಂದಿತು, ಪರದೆ ಮಾತ್ರ ಕಪ್ಪಗೇ ಇತ್ತು. ಮೋಸ ಹೋದೆವೆಂದು ನಾನು ಕಾಶಿನಾಥನ ಮನೆತನಕ್ಕೆಲ್ಲ ಮಂಗಳಾರತಿ ಎತ್ತಿದೆ. "ಆಂಟಿ, ರುಕೋ ನಾ" ಎಂದು ಬುಷರಾ ಪರದೆಯ ಅಂಚಿನ ಕೆಳಗಿದ್ದ ಗುಂಡಿ ಒತ್ತಿದಳು. ಬೆಳಗಿತು. ಪರದೆಗೆ ಬೇರೆ ಗುಂಡಿ ಇರುತ್ತದೆಂದು ನನಗೇನು ಕನಸು ಬಿದ್ದಿತ್ತೇ?

"ಇದರ ಕಾಲ ಬಿಚ್ಚು" ಎಂದಳು ಗೌಹರಕ್ಕ.

"ಅಮ್ಮಿ! ಸ್ಟ್ಯಾಂಡ್ ಹೈ ವೋ. ನಿಂತ್ಕೊಂಡೇ ಇರ್ಬೇಕು."

"ಖಾಕಾ ಯಾರರ ಗ್ವಾಡಿಗೆ ನಿಂದ್ರಿಸಿ ಮಾಡ್ತಾರೇನು? ಬಿಚ್ಚಂದ್ರ ಬಿಚ್ಚು."

ಕಾಲು ಬಿಚ್ಚಿ, ಕೌದಿ ಮಡಿಸಿ ಹಾಸಿ, ಅದರ ಮೇಲೆ ಪರದೆಯನ್ನು ಅಂಗಾತ ಮಲಗಿಸಿದರು. ಬುಷರಾ ಫೋನಿಗೆ ಬಂದಿದ್ದ ಅಂಚಿನ ನಕ್ಷೆಯನ್ನು ಅದರಲ್ಲಿ ತೆರೆದಳು. ಅದರ ಮೂಲೆಯಲ್ಲಿದ್ದ ಅಳತೆಪಟ್ಟಿಗೆ ದರ್ಜಿಯ ಟೇಪು ಹಿಡಿದು, ಎರಡೂ ಸರಿಹೊಂದುವ ತನಕ ಹಿಗ್ಗಿಸಿದಳು. ಬಟರ್ ಪೇಪರ್ ಹಾಸಿದರೆ ಒಂದೊಂದು ಎಲೆಯೂ ಎದ್ದು ಕಂಡಿತು. ಚಾಳಿನ ಹೆಂಗಸರು ಬಾಗಿಲ ತುಂಬ ನಿಂತಿದ್ದರು. ನಾನು ಒಳಗೆ ಕುಳಿತಿದ್ದೆ.

ಗೌಹರಕ್ಕ ಪೆನ್ಸಿಲ್ ಹಿಡಿದಳು. ಕೆಳಗೆ ಗೆರೆ ಇದ್ದರೂ ಮೇಲಿನ ಗೆರೆ ಅಡ್ಡಾದಿಡ್ಡಿ ಓಡಿತು. ಒಂದು ಕಾಗದ ಹರಿದಳು, ಇನ್ನೊಂದು ಹರಿದಳು. ಕೊನೆಗೆ ಪೆನ್ಸಿಲ್ ಮೂಲೆಗೆ ಎಸೆದು ತನ್ನ ಸೂಜಿ ತೆಗೆದುಕೊಂಡಳು. "ತುದೀಲೆ ಗುರ್ತು ಅಷ್ಟ ಮಾಡ್ಕೋತೀನಿ. ಆಮ್ಯಾಲ ಕೌದಿ ಮ್ಯಾಲಿಟ್ಟು ಚುಚ್ಚತೀನಿ." ಸೂಜಿ ಗೆರೆಯಿಂದ ಒಂದು ಕೂದಲೂ ಆಚೀಚೆ ಸರಿಯಲಿಲ್ಲ. ಟಿಕ್ ಟಿಕ್ ಎಂದು ಬಳ್ಳಿಯುದ್ದಕ್ಕೂ ಕೈ ಓಡತೊಡಗಿತು. ನೋಡುವುದಕ್ಕೆ ಎಷ್ಟು ಚೆಂದವಿತ್ತೆಂದರೆ ನಮಗೆ ಯಾರಿಗೂ ಬೇರೇನೂ ಹೊಳೆಯಲಿಲ್ಲ. ನನಗೂ ಹೊಳೆಯಲಿಲ್ಲ. ಗಾಜಿಗೆ ಸೂಜಿ ಏನು ಮಾಡೀತು ಎಂದುಕೊಂಡೆ.

ಪೂರ್ತಿಯಾದ ಮೇಲೆ ಕಾಗದ ಎತ್ತಿದಾಗ ಬುಷರಾ ಚೀರಿದಳು. ಪರದೆಯ ಈ ಅಂಚಿನಿಂದ ಆ ಅಂಚಿನವರೆಗೆ ಇಡೀ ಬಳ್ಳಿ ಚುಕ್ಕಿಗಳಾಗಿ ಕೂತುಬಿಟ್ಟಿತ್ತು. ಒರೆಸಿದರೆ ಹೋಗಲಿಲ್ಲ. ಬೆರಳಾಡಿಸಿದರೆ ಕುಳಿ ಕುಳಿ ಸಿಗುತ್ತಿದ್ದವು.

ಮರುದಿನ ಅದನ್ನು ಹೊತ್ತು ಮತ್ತೆ ಕಾಶಿನಾಥನ ಮುಂದಿಟ್ಟೆವು. ಅವನು ಬೆಳಕಿಗೆ ಓರೆಯಾಗಿ ಹಿಡಿದು ನೋಡಿದ. "ಯವ್ವಾ, ಇದಕ್ಕ ಮೈಲಿ ಬ್ಯಾನಿ ಗುಳ್ಳಿ ಎದ್ದಾವಲ್ಲ!"

"ಮ್ಯಾಲ ಗಾಜಿಲ್ಲಂತ ನೀ ಮೊದಲ ಹೇಳಬೇಕಿತ್ತು" ಎಂದು ನಾನು ಜೋರು ಮಾಡಿದೆ.

"ಪರದೀಗೆ ಸೂಜಿಲೆ ಚುಚ್ಚಬ್ಯಾಡ್ರಿ ಅಂತ ಯಾವ ಅಂಗಡ್ಯಾಗ ಹೇಳ್ತಾರವ್ವ?" ಎಂದ. ಹೌದಲ್ಲ ಎನಿಸಿತು, ಆದರೆ ಒಪ್ಪಿಕೊಳ್ಳಲು ನಾನೇನು ಅಷ್ಟು ಸಸಾರವೇ? ಮೇಲಿರುವುದು ತೆಳ್ಳನೆಯ ಪ್ಲಾಸ್ಟಿಕ್ ಪದರವಂತೆ, ಅದಕ್ಕೆ ಬಿದ್ದ ಕುಳಿ ತೆಗೆಯಲಾಗದಂತೆ. ಇನ್ನು ಮುಂದೆ ಒಂದು ಗಾಜಿನ ಹಾಳೆ ಇಟ್ಟುಕೊಂಡು ಚುಚ್ಚಿರಿ ಎಂದು ಹೇಳಿ, ಪಾಪ, ಗಾಜು ಸಿಗುವ ಜಾಗವನ್ನೂ ತೋರಿಸಿದ. ಇನ್ನೊಂದು ಪರದೆ ಕೊಳ್ಳುವ ತಾಕತ್ತು ಗೌಹರಕ್ಕನಿಗೆ ಇರಲಿಲ್ಲ.

ಅಂಚಿನ ಖಾಕಾ ರಮಜಾನನಿಗೆ ಒಪ್ಪಿಗೆಯಾಯಿತು. ಉಳಿದದ್ದು ಕುಪ್ಪಸದ್ದು. ಗೋಳು ಶುರುವಾದದ್ದು ಅಲ್ಲಿಯೇ. ಆ ನಕ್ಷೆಯ ಗೆರೆಗಳು ಕೂದಲಿನಷ್ಟು ಸಣ್ಣ. ಸುತ್ತಲಿನ ಎಲೆಗಳು ಹೇಗೋ ಸಿಕ್ಕವು. ನಟ್ಟನಡುವಿನ ಹೂವಿನಲ್ಲಿ ಮಾತ್ರ ಹಳೆಯ ಚುಕ್ಕಿ ಯಾವುದು, ಹೊಸ ಗೆರೆ ಯಾವುದು ತಿಳಿಯಲೇ ಇಲ್ಲ. ಹಿಗ್ಗಿಸಿದರೆ ಅಳತೆ ಹೋಗುತ್ತದೆ. ಪಕ್ಕಕ್ಕೆ ಸರಿಸಿದರೆ ಅಲ್ಲೂ ಅದೇ ಬಳ್ಳಿ. ಅಂಗೈಯಗಲದ ಜಾಗ ಖಾಲಿ ಉಳಿಯಿತು.

"ಫೋನ್ ಮೇ ದೇಖ್ ಕೇ ನೀನೇ ಕೈಯಿಂದ ಬರಿ ನಾ ಅಮ್ಮಿ" ಎಂದಳು ಬುಷರಾ.

"ನನಗ ಬರಿಯಾಕ ಬರಂಗಿಲ್ಲ. ನಿಮ್ಮ ಅಬ್ಬಾ ಕಲಿಸಿಲ್ಲ. ಇದು ಹೋತು, ಎಲ್ಲಾ ಹೋತು" ಎಂದು ಗೌಹರಕ್ಕ ಕಂಪ್ಯೂಟರ್ ಆರಿಸಲು ಹೇಳಿ ಗೋಡೆಗೆ ಒರಗಿ ಕುಳಿತಳು.

ನನಗೆ ಎಲ್ಲಿತ್ತೋ ಸಿಟ್ಟು ಬಂತು. "ಬರೀ ಅಂತ ಯಾರಂದ್ರು ನಿನಗ? ಇಷ್ಟು ವರ್ಷ ಹೂವು ಚುಚ್ಚಿದಾಕಿಗೆ ಒಂದು ಹೂವು ಹ್ಯಾಂಗಿರ್ತದ ಗೊತ್ತಿಲ್ಲೇನು? ಗೆರಿ ಯಾಕ ಬೇಕ ನಿನಗ? ಸೂಜಿ ಹಿಡಿ!"

ಅವಳು ನನ್ನನ್ನು ಕೆಕ್ಕರಿಸಿ ನೋಡಿದಳು. ಎದ್ದು ಹೋಗು ಎನ್ನುತ್ತಾಳೆಂದು ಕಾದೆ. ಅವಳು ಕಾಗದವನ್ನು ಕೌದಿಯ ಮೇಲೆಳೆದುಕೊಂಡಳು. ಫೋನನ್ನು ಒಮ್ಮೆ ನೋಡಿ ಬೋರಲು ಹಾಕಿದಳು. ಮೊದಲ ಚುಚ್ಚು ಹಾಕಿದಳು. ಆಮೇಲೆ ಇನ್ನೊಂದು. ಆಮೇಲೆ ಕೈ ನಿಲ್ಲಲಿಲ್ಲ. ಮೂಡಿದ್ದು ಬಾಂದ್ರಾದ ಮೇಡಂ ಹಾಕಿದ್ದ ಗುಲಾಬಿಯಲ್ಲ, ನಮ್ಮ ಹೊಲದ ಕುಸುಬಿ ಹೂವು. ಎಲೆಗೆಲ್ಲ ಮುಳ್ಳಿನಂಚು, ಮೇಲೆ ಕೆದರಿದ ಎಸಳು.

ಕಾರ್ಖಾನೆಗೆ ನಾನೂ ಹೋದೆ. ರಮಜಾನ ಕಡುಗೆಂಪು ಮಖಮಲ್ಲಿನ ಮೇಲೆ ಖಾಕಾ ಹಾಸಿ ಪುಡಿ ಒರೆಸಿ ಎತ್ತಿದ. ಬಟ್ಟೆಯನ್ನು ನೋಡಿದ, ಫೋನನ್ನು ನೋಡಿದ, ಮತ್ತೆ ಬಟ್ಟೆಯನ್ನು ನೋಡಿದ. ಹೊಲಿಯುತ್ತಿದ್ದವರೂ ಕೈ ನಿಲ್ಲಿಸಿ ಕತ್ತು ಚಾಚಿದರು.

"ಈ ಹೂವು ಇದರಾಗಿಲ್ಲಲ್ಲ ಭಾಭಿ."

ಗೌಹರಕ್ಕ ನೆಲ ನೋಡುತ್ತಿದ್ದಳು. ರಮಜಾನ ಫೋಟೋ ತೆಗೆದು ಮೇಡಂಗೆ ಕಳಿಸಿದ. ಉತ್ತರ ಬಂದಾಗ ಅವನು ಎರಡು ಸಲ ಓದಿಕೊಂಡು, "ಮೇಡಂಗ ಇದ ಬೇಕಂತ. ಗುಲಾಬಿ ಬ್ಯಾಡಂತ" ಎಂದ. ಆಮೇಲೆ ಹೂವಿನ ಮೇಲೆ ಬಗ್ಗಿ, "ಮಕ್ತುಮಭಾಯಿದು ಹಳೇದಿತ್ತೇನು? ಅವರ ಕೈ ಕೆಲಸನ ಇದು. ನೋಡಿದ್ರ ಗೊತ್ತಾಗ್ತದ" ಎಂದ.

ಹೌದೆಂದರೆ ಮುಗಿಯುತ್ತಿತ್ತು. ಸತ್ತ ಗಂಡನಿಗೆ ಮರ್ಯಾದೆ, ಅವಳ ಕೆಲಸಕ್ಕೂ ಧಕ್ಕೆಯಿಲ್ಲ. ಹೌದೆನ್ನಲಿ ಎಂದೇ ನಾನೂ ಬಯಸಿದೆ, ಸುಳ್ಳೇಕೆ ಹೇಳಲಿ.

ಗೌಹರಕ್ಕ ತಲೆ ಎತ್ತಿದಳು. "ಬುಷರಾನ ಅಬ್ಬಾ ಕುಸುಬಿ ಎಂದೂ ಹಾಕಿಲ್ಲ ರಮಜಾನಭಾಯಿ. ಇದು ನಂದು."

ರಮಜಾನ ಒಳಗೆ ಹೋಗಿ ಅದೇ ಮಖಮಲ್ಲಿನ ಎರಡು ತುಂಡು ತಂದು ಅವಳ ಮುಂದಿಟ್ಟ. "ಹಂಗಾದ್ರ ತೋಳಿಂದೂ ನೀವ ಹಾಕ್ರಿ. ಇದಕ್ಕ ಮೇಡಂ ಕಡಿಂದ ಡಿಸೈನ್ ಬರಂಗಿಲ್ಲ."

ಅವಳು ತುಂಡುಗಳನ್ನು ಮಡಿಸಿ ಎದೆಗೆ ಒತ್ತಿಕೊಂಡು ಹೊರಗೆ ಬಂದಳು. ಕಾರ್ಖಾನೆಯ ಮೆಟ್ಟಿಲ ಮೇಲೆ ಕುಳಿತು ಜೋರಾಗಿ ಅತ್ತಳು. ಗಂಡ ಸತ್ತ ದಿನವೂ ಅವಳು ಹಾಗೆ ಅತ್ತದ್ದನ್ನು ನಾನು ಕಂಡಿರಲಿಲ್ಲ. "ಒಂದ ಸಲನರ ನೀನೂ ಒಂದು ಹೂವು ಹಾಕು ಅನಬೇಕಿತ್ತಲ್ಲ ದಾನವ್ವಾ ಅವರು, ಒಂದ ಸಲ" ಎಂದಳು. ನಾನು ಅವಳ ಪಕ್ಕದಲ್ಲಿ ಕುಳಿತುಕೊಂಡೆ.