‘ನೋ’ದ ಹಿಂದಿನ ‘ರಿ’

ನಮ್ಮ ಕಡೆ ಹಿರಿಯರಿಗೆ ಬರೀ ‘ಇಲ್ಲ’ ಅನ್ನುವುದಿಲ್ಲ. ‘ಇಲ್ರಿ’ ಅನ್ನಬೇಕು. ಹೊಲದ ಬದುವಿಗಾಗಿ ಜಗಳ ಬಿದ್ದು ಕುಡಗೋಲು ಹಿಡಿದು ನಿಂತವನೂ ‘ನಿಮ್ಮ ಕಾಲು ಮುರಿತೀನ್ರಿ’ ಅನ್ನುತ್ತಾನೆ. ‘ರಿ’ ಮಾತ್ರ ಬಿಡುವುದಿಲ್ಲ. ಈ ಒಂದಕ್ಷರ ನನ್ನ ನೌಕರಿಯನ್ನೇ ಕಳೆಯುವುದರಲ್ಲಿತ್ತು.

ಶಿರವಾಳದ ಹತ್ತಿರ ಕುರಿ ಕಾಯುವ ಮನೆತನ ನಮ್ಮದು. ನಮ್ಮಲ್ಲಿ ಬಿ.ಎ. ಮಾಡಿದವನು ನಾನೇ ಮೊದಲು. ಇದನ್ನು ಹೇಳಲು ನನಗೆ ಇಂದಿಗೂ ಸಂಕೋಚವಿಲ್ಲ. ನಿಜಾಮರ ಕಾಲದ ಶಾಲೆಯಲ್ಲಿ ಉರ್ದುವಿನಲ್ಲಿ ಲೆಕ್ಕ ಕಲಿತು, ಮನೆಯಲ್ಲಿ ಕನ್ನಡ ಆಡಿ, ಹೈದರಾಬಾದಿನಲ್ಲಿ ಇನ್ನೊಬ್ಬರ ಕೋಣೆಯ ಮೂಲೆಯಲ್ಲಿ ಹಾಸಿಕೊಂಡು ಇಂಗ್ಲಿಷ್ ಓದಿದವನು ನಾನು. ಏಕೀಕರಣವಾಗಿ ನಮ್ಮ ಸೀಮೆ ಮೈಸೂರಿಗೆ ಸೇರಿದಾಗ ಸುರಪುರದ ಒಂದು ಶಾಲೆಯಲ್ಲಿ ಹಂಗಾಮಿ ಮಾಸ್ತರನಾಗಿದ್ದೆ. ಇಂಗ್ಲಿಷ್ ಕಲಿಸುವವರು ಯಾದಗಿರಿಯಲ್ಲಿ ತರಬೇತಿ ಮುಗಿಸಬೇಕು, ಆಮೇಲೆ ತಮ್ಮ ಶಾಲೆಯಲ್ಲೇ ಮೂರು ಪರೀಕ್ಷಾ ಪಾಠ ಮಾಡಿ ತೋರಿಸಬೇಕು, ಪಾಸಾಗದಿದ್ದರೆ ಜಾಗ ಬಿಡಬೇಕು ಎಂದು ಹುಕುಂ ಬಂತು.

ತರಬೇತಿ ಕೊಟ್ಟ ಗುರುಗಳು ಮೈಸೂರಿನ ಕಡೆಯವರು. ಮೆಲುಮಾತಿನ ಮನುಷ್ಯ, ನಮ್ಮ ಬಿಸಿಲಿಗೆ ದಿನಾ ಬೆರಗಾಗುತ್ತಿದ್ದರು. ಅವರು ಹೇಳಿಕೊಟ್ಟ ಪದ್ಧತಿ ನಮಗೆ ಹೊಸದು: ಕನ್ನಡಕ್ಕೆ ತಿರುಗಿಸಿ ಹೇಳಬಾರದು, ಚಿತ್ರ ತೋರಿಸಬೇಕು, ಪ್ರಶ್ನೆ ಕೇಳಬೇಕು, ಉತ್ತರ ಇಂಗ್ಲಿಷಿನಲ್ಲೇ ಬರಬೇಕು.

ಮೊದಲ ಪಾಠದ ದಿನ ಅವರು ಬಸ್ಸಿನಲ್ಲಿ ಸುರಪುರಕ್ಕೆ ಬಂದು ಹಿಂದಿನ ಸಾಲಿನಲ್ಲಿ ಕೂತರು. ನಾನು ಹಲಗೆಯ ಮೇಲೆ ಕುರಿ ಬರೆದೆ. ಕುರಿ ಬರೆಯುವುದನ್ನು ನನಗೆ ಯಾರೂ ಕಲಿಸಬೇಕಾಗಿರಲಿಲ್ಲ. “ಈಸ್ ದಿಸ್ ಎ ಗೋಟ್?” ಎಂದು ಕೇಳಿದೆ. ಇಡೀ ತರಗತಿ ಒಂದೇ ದನಿಯಲ್ಲಿ “ನೋ ರಿ” ಎಂದಿತು. ಅದರಲ್ಲೊಂದು ತಪ್ಪಿದೆ ಎಂದು ನನ್ನ ಕಿವಿಗೆ ಹೊಳೆಯಲೇ ಇಲ್ಲ. ಎಷ್ಟು ಚೆನ್ನಾಗಿ ಹೇಳಿದರು ಎಂದು ಹಿಗ್ಗಿದೆ.

ಪಾಠ ಮುಗಿದ ಮೇಲೆ ಗುರುಗಳು ಬೇಸರದಿಂದ, “ಇಂಗ್ಲಿಷಲ್ಲಿ ‘ರೀ’ ಅನ್ನೋದು ಇಲ್ಲವೇ ಇಲ್ಲ ಕಣ್ರೀ” ಎಂದರು.

ಅವರ ಮಾತಿನ ತುದಿಯಲ್ಲಿದ್ದ ‘ರೀ’ ನನಗೆ ಸ್ಪಷ್ಟವಾಗಿ ಕೇಳಿತು. ಆದರೆ ಅಂಕ ಅವರ ಕೈಯಲ್ಲಿತ್ತು. ಹೌದು ಸರ್ ಎಂದೆ.

ಮಾರನೆಯ ದಿನದಿಂದ ‘ರಿ’ ಅಂದವರನ್ನು ನಿಲ್ಲಿಸತೊಡಗಿದೆ. ಮೂರು ದಿನ ತರಗತಿಗೆ ತರಗತಿಯೇ ನಿಂತಿತ್ತು. ನಾಲ್ಕನೆಯ ದಿನ ಎಲ್ಲರೂ ಕೂತಿದ್ದರು, ಯಾಕೆಂದರೆ ಯಾರೂ ಬಾಯಿ ಬಿಡುತ್ತಿರಲಿಲ್ಲ. ಎರಡನೆಯ ಪಾಠದಲ್ಲೂ ಹಾಗೆಯೇ ಆಯಿತು. ನಾನು ಕೇಳಿದ್ದೇ ಕೇಳಿದ್ದು, ಮಕ್ಕಳು ಗೋಡೆಯ ಹಾಗೆ ಕೂತದ್ದೇ ಕೂತದ್ದು. ಗುರುಗಳು ಏನೂ ಬೈಯದೆ ಹೋದರು. ಬೈದಿದ್ದರೆ ಚೆನ್ನಾಗಿತ್ತು. ಇನ್ನು ಉಳಿದದ್ದು ಒಂದೇ ಪಾಠ.

ಮುಂದಿನ ಸಾಲಿನಲ್ಲಿ ಒಬ್ಬ ಹುಡುಗಿಯಿದ್ದಳು, ಎಲ್ಲರಿಗಿಂತ ಚುರುಕು. ಅವಳನ್ನು ಕರೆದು, ಗೊತ್ತಿದ್ದೂ ಯಾಕೆ ಹೇಳುವುದಿಲ್ಲ ಎಂದು ಕೇಳಿದೆ. ನೆಲ ನೋಡುತ್ತ ಹೇಳಿದಳು:

“ನಿಮಗ ಬರೇ ‘ನೋ’ ಅನ್ನಾಕ ನಾಲಿಗಿ ಏಳವಲ್ದರಿ.”

ಆ ಭಾನುವಾರ ಊರಿಗೆ ಹೋದಾಗ ಅಪ್ಪ ಕುರಿಯೊಂದನ್ನು ಕೆಡವಿಕೊಂಡು ಉಣ್ಣೆ ಕತ್ತರಿಸುತ್ತಿದ್ದ. ಅಕ್ಷರ ಕಲಿತವನಲ್ಲ. ನಾನು ಕುರಿಯ ಕಾಲು ಹಿಡಿದುಕೊಂಡು, ಶಾಲೆಯಲ್ಲಿ ನಡೆದದ್ದನ್ನೆಲ್ಲ ಹೇಳಿದೆ. ನೌಕರಿ ಹೋಗಬಹುದು ಎಂದೂ ಹೇಳಿದೆ. ಅವನು ಕತ್ತರಿ ನಿಲ್ಲಿಸಿ ನನ್ನನ್ನೇ ನೋಡಿದ.

“ಕುರಿ ತೋರಿಸಿ ಆಡೇನು ಅಂತ ಕೇಳ್ತಿ. ಪಾಪ, ಅವು ಏನಂದಾವು? ಮಾಸ್ತರಗ ಕುರಿ ಯಾವುದು ಆಡು ಯಾವುದು ಗೊತ್ತಿಲ್ಲ, ಅದನ್ನ ಮಾರಿ ಮ್ಯಾಲ ಹೆಂಗ ಅನ್ನೂಣು ಅಂತ ಸುಮ್ನ ಕುಂತಾವ.”

ನನಗೆ ನಗು ಬರಲಿಲ್ಲ. ಅವನು ಮತ್ತೆ ಕತ್ತರಿ ಆಡಿಸುತ್ತ, “ತಮ್ತಮ್ಮೊಳಗ ಕೇಳ್ಲಿ ಬಿಡು. ಓರಗಿಯವರಿಗೆ ಎಲ್ಲಿ ರಿ?” ಎಂದ.

ತರಬೇತಿಯಲ್ಲಿ ಯಾರೂ ಇದನ್ನು ಹೇಳಿಕೊಟ್ಟಿರಲಿಲ್ಲ. ಕೇಳುವವನು ಮಾಸ್ತರ, ಹೇಳುವವರು ಮಕ್ಕಳು ಎಂದೇ ನಾವೆಲ್ಲ ನಂಬಿದ್ದೆವು. ಮೂರನೆಯ ಪಾಠಕ್ಕೆ ಹಲಗೆಯ ಮೇಲೆ ಮತ್ತೆ ಕುರಿ ಬರೆದು, ಮಕ್ಕಳನ್ನು ಇಬ್ಬಿಬ್ಬರಾಗಿ ಎದುರುಬದುರು ಕೂರಿಸಿ, ನೀವೇ ಕೇಳಿ ನೀವೇ ಹೇಳಿ ಎಂದು ಬಿಟ್ಟುಬಿಟ್ಟೆ. ಗೆಳೆಯನಿಗೆ ಇಲ್ಲ ಅನ್ನುವಷ್ಟು ಸುಖ ಮಕ್ಕಳಿಗೆ ಇನ್ನೊಂದಿಲ್ಲ. ಕೋಣೆಯ ತುಂಬ ‘ನೋ’, ‘ನೋ’. ಒಬ್ಬ ಹುಡುಗ ತನ್ನ ಎದೆಯನ್ನೇ ಮುಟ್ಟಿ ತೋರಿಸಿ, “ಈಸ್ ದಿಸ್ ಎ ಗೋಟ್?” ಎಂದು ಕೇಳಿದ. ಎದುರಿನವನು “ಎಸ್” ಎಂದುಬಿಟ್ಟ. ಹಿಂದೆ ಕೂತಿದ್ದ ಗುರುಗಳು ಕೆಮ್ಮಿದಂತೆ ಮಾಡಿ ನಗು ನುಂಗಿದರು.

ಆಮೇಲೆ ಅವರು ಎದ್ದರು. ಹಲಗೆಯ ಹತ್ತಿರ ಬಂದು ಕುರಿಯ ಮೇಲೆ ಬೆರಳಿಟ್ಟು, ಮುಂದಿನ ಸಾಲಿನ ಆ ಹುಡುಗಿಯನ್ನೇ ಎಬ್ಬಿಸಿ ಕೇಳಿದರು: “ಈಸ್ ದಿಸ್ ಎ ಗೋಟ್?”

ಈಗ ಎದುರಿಗಿದ್ದವರು ಓರಗೆಯವರಲ್ಲ. ದೂರದಿಂದ ಬಂದ, ನನಗಿಂತ ದೊಡ್ಡ ಮಾಸ್ತರರು. ಅವಳು ನನ್ನನ್ನು ನೋಡಿದಳು. ನಾನು ಕಿಟಕಿ ನೋಡಿದೆ.

“ನೋ,” ಎಂದಳು. ಬರೀ ನೋ.

ಹೇಳಿದವಳೇ ದೇವರ ಮುಂದೆ ತಪ್ಪು ಮಾಡಿದವರ ಹಾಗೆ ಎರಡೂ ಗಲ್ಲಕ್ಕೆ ಮೆಲ್ಲಗೆ ಬಡಿದುಕೊಂಡಳು.

“ಅದೇನ್ರೀ ಅದು?” ಗುರುಗಳು ನನ್ನತ್ತ ತಿರುಗಿದರು.

“ಅದೇ ‘ರಿ’ ಸರ್,” ಎಂದೆ. “ಬಾಯಾಗಿಂದ ತಗದೆ. ಕೈಯಾಗ ಹೋಗಿ ಕುಂತೈತಿ.”

ಅವರು ಆ ಹುಡುಗಿಯತ್ತ ತಿರುಗಿದರು. ಕೂತುಕೋ ಎಂದು ಕನ್ನಡದಲ್ಲೇ ಹೇಳಿದರು. ನನ್ನ ಪಾಠದ ಪುಸ್ತಕದಲ್ಲಿ, ಮಕ್ಕಳು ತಮ್ಮತಮ್ಮಲ್ಲಿ ಸಹಜವಾಗಿ ಮಾತಾಡುತ್ತಾರೆ ಎಂದು ಬರೆದು ಸಹಿ ಹಾಕಿದರು. ಗಲ್ಲದ ಸುದ್ದಿ ಬರೆಯಲಿಲ್ಲ.

ಪಾಸಾದೆ. ಮುಂದೆ ಕೆಲಸ ಕಾಯಂ ಆಯಿತು. ಆ ಕಾಗದ ಹಿಡಿದು ಊರಿಗೆ ಹೋದಾಗ ಅಪ್ಪ ಅದನ್ನು ತಿರುಗಿಸಿ ಮುರುಗಿಸಿ ನೋಡಿ, ಮೊಹರಿನ ಮೇಲೆ ಒಮ್ಮೆ ಹೆಬ್ಬೆರಳು ಆಡಿಸಿದ.

“ಅಂದ್ರ ನಮ್ಮ ಕುರಿ ಪಾಸಾತು ಅನ್ನು,” ಎಂದ.